ಅಳದ ಮಗುವಿಗೂ ನೋಯುತ್ತದೆ

ಸಾಗರ ತಾಲ್ಲೂಕಿನ ನಮ್ಮೂರಲ್ಲಿ ಗುರುವಾರ ಅಂದರೆ ಲಸಿಕೆ ದಿನ. ಅಂಗನವಾಡಿಯ ಜಗುಲಿಯಲ್ಲಿ ಒದ್ದೆ ಚಪ್ಪಲಿಗಳ ರಾಶಿ, ಒಳಗೆ ಲಸಿಕೆ ಪೆಟ್ಟಿಗೆ, ತಾಯಿ ಕಾರ್ಡ್ ಹಿಡಿದು ಕೂತ ಅಮ್ಮಂದಿರು. ಹೋದ ಮಳೆಗಾಲದಲ್ಲಿ ಅಕ್ಕನ ಮಗಳನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೆ. ಅವಳಿಗೆ 5 ತುಂಬಿತ್ತು. ಗಂಟಲಮಾರಿ, ನಾಯಿಕೆಮ್ಮು, ಧನುರ್ವಾಯು ತಡೆಯುವ ಡಿಪಿಟಿ ಲಸಿಕೆಯ ಬೂಸ್ಟರ್ ಹಾಕಿಸುವುದಿತ್ತು.

ಅವಳಿಗಿಂತ ಮುಂಚೆ ಒಬ್ಬ ಹುಡುಗನ ಸರದಿ ಬಂತು. ಸೂಜಿ ಕಾಣುವ ಮೊದಲೇ ಅವನು ಕೂಗಲು ಶುರುಮಾಡಿದ. ಸಿಸ್ಟರ್ ಪಾಪ, ತಾಳ್ಮೆಯಿಂದ ಕಾದರು. ಅಮ್ಮನ ತೊಡೆ ಮೇಲೆ ಕೂರಿಸಿದರು, ಬಾಗಿಲಾಚೆ ಓಡಾಡುತ್ತಿದ್ದ ಕೋಳಿ ತೋರಿಸಿದರು. ಆಮೇಲೆ ನಮ್ಮ ಹುಡುಗಿ. ಬಂದಳು, ಕೂತಳು, ತೋಳು ಕೊಟ್ಟಳು. ಒಂದು ಹನಿ ಕಣ್ಣೀರಿಲ್ಲ. ಅರ್ಧ ನಿಮಿಷದಲ್ಲಿ ಮುಗಿದೇ ಹೋಯಿತು. "ಎಷ್ಟು ಜಾಣೆ ನೋಡಿ" ಅಂತ ಎಲ್ಲರೂ ಹೊಗಳಿದರು, ನಾನೂ ಹೊಗಳಿದೆ. ಅವಳ ಕಾಲ್ಬೆರಳುಗಳು ಚಾಪೆಯನ್ನು ಕಚ್ಚಿ ಹಿಡಿದದ್ದು ನನ್ನ ಕಣ್ಣಿಗೆ ಬಿದ್ದಿತ್ತು. ಬಿದ್ದರೂ ಅದೇನು ಅಂತ ಯೋಚಿಸಲಿಲ್ಲ.

ರಾತ್ರಿ ಮಲಗುವಾಗ ಅವಳು ಕೇಳಿದಳು: "ಚಿಕ್ಕಮ್ಮ, ನಾನು ಅಳ್ಲೇ ಇಲ್ಲ ಅಲ್ವಾ? ಮತ್ಯಾಕೆ ಇನ್ನೂ ನೋಯ್ತಿದೆ?"

ಅತ್ತರೆ ನೋವು, ಅಳದಿದ್ದರೆ ನೋವಿಲ್ಲ ಅಂತ ಅವಳು ನಂಬಿಕೊಂಡಿದ್ದಳು. ಹಾಗೆ ನಂಬಿಸಿದವರು ನಾವೇ. ಆ ಪ್ರಶ್ನೆ ಬೆನ್ನು ಹತ್ತಿದ್ದರಿಂದಲೇ ನಾನು ಈ ವಿಷಯ ಓದತೊಡಗಿದ್ದು. ಒಂದೇ ಸೂಜಿ, ಒಂದೇ ಮದ್ದು. ಆದರೂ ಒಂದೊಂದು ಮನೆಯ, ಒಂದೊಂದು ನಾಡಿನ ಮಕ್ಕಳು ಒಂದೊಂದು ಥರ ನೋವು ತೋರಿಸುವುದು ಯಾಕೆ? ತೋರಿಸುವುದು ಮಾತ್ರ ಬೇರೆಯೋ, ಒಳಗೆ ಆಗುವ ನೋವೇ ಬೇರೆಯೋ?

ದಣಪೆಯ ಲೆಕ್ಕ

ಸೂಜಿ ಚರ್ಮ ದಾಟಿದ ಕೂಡಲೇ ಅಲ್ಲಿನ ನರ ಸುದ್ದಿ ಕಳಿಸುತ್ತದೆ. ಈ ಕೆಲಸ ತೀರ್ಥಹಳ್ಳಿಯ ಮಗುವಿನಲ್ಲೂ ಟೋಕಿಯೋದ ಮಗುವಿನಲ್ಲೂ ಒಂದೇ ರೀತಿ ನಡೆಯುತ್ತದೆ. ಆದರೆ ಸುದ್ದಿ ಹೊರಟಷ್ಟೇ ಮಿದುಳು ಸೇರುವುದಿಲ್ಲ. 1965ರಲ್ಲಿ ರೊನಾಲ್ಡ್ ಮೆಲ್ಜ್ಯಾಕ್ ಮತ್ತು ಪ್ಯಾಟ್ರಿಕ್ ವಾಲ್ ಎಂಬ ಇಬ್ಬರು ವಿಜ್ಞಾನಿಗಳು ಇದಕ್ಕೊಂದು ವಿವರಣೆ ಕೊಟ್ಟರು. ಬೆನ್ನುಹುರಿಯಲ್ಲಿ ಬಾಗಿಲಿನಂಥ ಒಂದು ಏರ್ಪಾಡಿದೆ, ಅದು ನೋವಿನ ಸುದ್ದಿಯನ್ನು ಒಮ್ಮೆ ಜಾಸ್ತಿ, ಒಮ್ಮೆ ಕಡಿಮೆ ಒಳಗೆ ಬಿಡುತ್ತದೆ ಎಂದರು. ನಮ್ಮ ಅಡಿಕೆ ತೋಟದ ದಣಪೆ, ಅಂದರೆ ಅಡ್ಡ ಗಳುಗಳ ಬಾಗಿಲು, ನೆನೆಸಿಕೊಳ್ಳಿ. ಎಷ್ಟು ಗಳು ಸರಿಸುತ್ತೀರೋ ಅಷ್ಟೇ ದಾರಿ. ಮೇಲಿನಿಂದ ಮಿದುಳು ಕೂಡ ಆ ಗಳುಗಳನ್ನು ಸರಿಸಬಲ್ಲದು. ಹೆದರಿಕೆ, ಹಿಂದಿನ ನೆನಪು, ಪಕ್ಕದಲ್ಲಿ ಯಾರಿದ್ದಾರೆ ಅನ್ನುವುದು, ಇದು ಯಾಕೆ ಆಗುತ್ತಿದೆ ಅನ್ನುವ ತಿಳಿವಳಿಕೆ, ಇವೆಲ್ಲ ಅಲ್ಲಿ ಕೈಯಾಡಿಸುತ್ತವೆ. ಆ ವಿವರಣೆಯ ಸಣ್ಣಪುಟ್ಟ ಭಾಗಗಳು ಆಮೇಲೆ ಬದಲಾಗಿವೆ, ಮೂಲ ಮಾತು ಉಳಿದುಕೊಂಡಿದೆ.

ಇದಕ್ಕೆ ಸಾಕ್ಷಿ ಬೇಕಾದರೆ ನಮ್ಮ ಮನೆಗಳಲ್ಲೇ ಇದೆ. ಮಲೆನಾಡಿನ ಮಕ್ಕಳ ಕಾಲಿಗೆ ಮುಳ್ಳು ಚುಚ್ಚುವುದು ಹೊಸತಲ್ಲ. ಸಂಜೆ ಅಜ್ಜಿ ಬಟ್ಟೆ ಹೊಲಿಯುವ ಸೂಜಿ ತಂದು, ದೀಪದ ಬೆಂಕಿಗೆ ಹಿಡಿದು, ಅಂಗಾಲು ಬಗೆದು ಮುಳ್ಳು ತೆಗೆಯುತ್ತಾಳೆ. ಇಂಜೆಕ್ಷನ್‌ಗಿಂತ ಅದು ಎಷ್ಟೋ ಹೆಚ್ಚು ಹೊತ್ತಿನ ಕೆಲಸ. ಮಗು ಮುಖ ಹಿಂಡುತ್ತದೆ, "ಮೆಲ್ಲಗೆ ಅಜ್ಜೀ" ಅನ್ನುತ್ತದೆ, ಆದರೆ ಕಾಲು ಎಳೆದುಕೊಳ್ಳುವುದಿಲ್ಲ. ಅದೇ ಮಗು ಆಸ್ಪತ್ರೆಯ ಬಾಗಿಲಲ್ಲೇ ನಡುಗುತ್ತದೆ. ಅಜ್ಜಿಯ ಸೂಜಿ ಏನು ಮಾಡುತ್ತದೆ ಅಂತ ಮಗುವಿಗೆ ಗೊತ್ತು. ಸಾಕು ಅಂದರೆ ಅಜ್ಜಿ ನಿಲ್ಲಿಸುತ್ತಾಳೆ ಅಂತಲೂ ಗೊತ್ತು. ಆಸ್ಪತ್ರೆಯಲ್ಲಿ ಈ ಎರಡೂ ಇಲ್ಲ.

ಹಾಗಾದರೆ ಸಂಸ್ಕೃತಿ ಎಲ್ಲಿ ಬಂತು? ನೋವಿನ ಅಧ್ಯಯನ ಮಾಡುವವರ ಅಂತಾರಾಷ್ಟ್ರೀಯ ಸಂಘ 1979ರಲ್ಲಿ ನೋವಿಗೆ ಒಂದು ವ್ಯಾಖ್ಯೆ ಕೊಟ್ಟಿತ್ತು. 2020ರಲ್ಲಿ ಅದನ್ನು ತಿದ್ದಿ, ಜೊತೆಗೆ ಕೆಲವು ವಿವರಣೆಗಳನ್ನು ಸೇರಿಸಿತು. ನೋವು ಅಂದರೇನು ಅಂತ ಮನುಷ್ಯ ತನ್ನ ಬದುಕಿನ ಅನುಭವಗಳಿಂದ ಕಲಿಯುತ್ತಾನೆ ಎಂದಿತು. ಬಾಯಲ್ಲಿ ಹೇಳುವುದು ನೋವು ತೋರಿಸುವ ಹಲವು ದಾರಿಗಳಲ್ಲಿ ಒಂದು ಮಾತ್ರ, ಹೇಳಲು ಬಾರದವರಿಗೆ ನೋವಿಲ್ಲ ಅಂತ ತಿಳಿಯಬಾರದು ಎಂದೂ ಸೇರಿಸಿತು. ಕಲಿಯುವುದು ಅಂದ ಮೇಲೆ ಮನೆ, ಓಣಿ, ಶಾಲೆ ಎಲ್ಲ ಬಂದೇ ಬಂದವಲ್ಲ. ಬಿದ್ದ ಮಗು ಮೊದಲು ತನ್ನ ಮೊಣಕಾಲು ನೋಡುವುದಿಲ್ಲ, ಅಮ್ಮನ ಮುಖ ನೋಡುತ್ತದೆ. ಆ ಮುಖದಲ್ಲಿ ಗಾಬರಿ ಕಂಡರೆ ಅಳುತ್ತದೆ. ಅಮ್ಮ ನೆಲಕ್ಕೆ ಎರಡು ಏಟು ಕೊಟ್ಟು "ನೋಡು, ನೆಲಕ್ಕೇ ಹೊಡೆದೆ" ಅಂದರೆ ಅಳುವುದೋ ನಗುವುದೋ ತೋಚದೆ ನಿಲ್ಲುತ್ತದೆ.

ಜಪಾನಿನ ಕೂಸು, ಅಮೆರಿಕದ ಕೂಸು

ನಾನು ಓದಿದ್ದರಲ್ಲಿ ನನ್ನನ್ನು ತುಂಬ ಕಾಡಿದ್ದು 1993ರ ಒಂದು ಅಧ್ಯಯನ. ಮೈಕೆಲ್ ಲೂಯಿಸ್ ಮತ್ತು ಜೊತೆಗಾರರು ಜಪಾನಿನ ಕೂಸುಗಳನ್ನೂ ಅಮೆರಿಕದ ಬಿಳಿಯರ ಕೂಸುಗಳನ್ನೂ ಲಸಿಕೆ ಹಾಕುವ ಹೊತ್ತಿನಲ್ಲಿ ಗಮನಿಸಿದರು. ಅಮೆರಿಕದ ಕೂಸುಗಳು ಜೋರಾಗಿ ಅತ್ತವು, ಸುಮ್ಮನಾಗಲು ಜಾಸ್ತಿ ಹೊತ್ತು ತೆಗೆದುಕೊಂಡವು. ಜಪಾನಿನ ಕೂಸುಗಳು ಅಷ್ಟು ಅಳಲಿಲ್ಲ. ಇಷ್ಟಕ್ಕೇ ನಿಲ್ಲಿಸಿದ್ದರೆ, ಜಪಾನಿನ ಮಕ್ಕಳಿಗೆ ಅಷ್ಟಾಗಿ ನೋಯುವುದಿಲ್ಲ ಅಂತ ಯಾರು ಬೇಕಾದರೂ ಬರೆದುಬಿಡುತ್ತಿದ್ದರು. ಆದರೆ ಅವರು ಕಾರ್ಟಿಸಾಲ್ ಕೂಡ ಅಳೆದಿದ್ದರು. ಮೈ ಒತ್ತಡಕ್ಕೆ ಸಿಕ್ಕಾಗ ಏರುವ ಹಾರ್ಮೋನು ಅದು. ಅದು ಜಪಾನಿನ ಕೂಸುಗಳಲ್ಲೇ ಹೆಚ್ಚು ಏರಿತ್ತು. ಹೊರಗೆ ಕಡಿಮೆ ಅತ್ತ ಮಕ್ಕಳ ಮೈಯೊಳಗೆ ಒತ್ತಡ ಜಾಸ್ತಿ ಇತ್ತು.

ಇವು ಇನ್ನೂ ಮಾತು ಬಾರದ, "ಅಳಬಾರದು" ಅನ್ನುವ ಬುದ್ಧಿವಾದ ಅರ್ಥವಾಗದ ಕೂಸುಗಳು ಎಂಬುದನ್ನು ಮರೆಯಬಾರದು. ಎತ್ತಿಕೊಳ್ಳುವ ರೀತಿ, ಅತ್ತಾಗ ಮನೆಯವರು ಏನು ಮಾಡುತ್ತಾರೆ ಅನ್ನುವುದು, ಹುಟ್ಟಿನಿಂದ ಬಂದ ಸ್ವಭಾವ, ಇದರಲ್ಲಿ ಯಾವುದರ ಪಾಲು ಎಷ್ಟು ಅಂತ ಆ ಒಂದು ಅಧ್ಯಯನದಿಂದ ಹೇಳಲಾಗದು. ಆದರೆ ಅಳುವಿನ ಸದ್ದು ನೋವಿನ ಅಳತೆಗೋಲಲ್ಲ ಅನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ನನಗೆ ಬೇಕಿಲ್ಲ.

ಪೂರ್ವದವರೆಲ್ಲ ಕಡಿಮೆ ಅಳುತ್ತಾರೆ ಅಂತ ಗೆರೆ ಎಳೆಯುವ ಹಾಗೂ ಇಲ್ಲ. 2000ದಲ್ಲಿ ಪ್ರಕಟವಾದ ಕೆನಡಾದ ಇನ್ನೊಂದು ಅಧ್ಯಯನದಲ್ಲಿ, ಅಲ್ಲಿ ನೆಲೆಸಿದ ಚೀನೀ ಕುಟುಂಬಗಳ 2 ತಿಂಗಳ ಕೂಸುಗಳು ಲಸಿಕೆ ಹೊತ್ತಿನಲ್ಲಿ ಉಳಿದ ಕೂಸುಗಳಿಗಿಂತ ಹೆಚ್ಚೇ ನೋವು ತೋರಿಸಿದವು. ಅದೇ ವರ್ಷ ಭಾರತ ಮತ್ತು ಅಮೆರಿಕದ ಕಾಲೇಜು ವಿದ್ಯಾರ್ಥಿಗಳನ್ನು ಹೋಲಿಸಿದ ಅಧ್ಯಯನವೊಂದು ಬಂತು. ಕೊರೆಯುವ ತಣ್ಣೀರಲ್ಲಿ ಕೈ ಅದ್ದಿ ಹಿಡಿಯುವ ಪರೀಕ್ಷೆ ಅದು. ನಮ್ಮ ಹುಡುಗ ಹುಡುಗಿಯರು ಜಾಸ್ತಿ ಹೊತ್ತು ಹಿಡಿದರು. ನೋವನ್ನು ನಾಲ್ಕು ಜನರ ಎದುರು ತೋರಿಸುವುದು ಸರಿಯಲ್ಲ ಅನ್ನುವ ನಂಬಿಕೆಯೂ ಅವರಲ್ಲಿ ಹೆಚ್ಚು ಕಂಡಿತು. ಇಪ್ಪತ್ತರ ಹೊತ್ತಿಗೆ ಪಾಠ ಪೂರ್ತಿ ಬಾಯಿಪಾಠ ಆಗಿರುತ್ತದೆ. ಅದರ ಮೊದಲ ಸಾಲುಗಳನ್ನು ಹೇಳಿಕೊಡುವುದು ಅಂಗನವಾಡಿಯ ಚಾಪೆ ಮೇಲೆ.

"ಅವರ ಮಕ್ಕಳು ಗಟ್ಟಿ"

ಇಲ್ಲಿಂದ ಮುಂದೆ ನನಗೆ ಸಿಟ್ಟು ಬರುವ ಭಾಗ. ಸಂಸ್ಕೃತಿಯ ಮಾತು ಎತ್ತಿದ ಕೂಡಲೇ ಜನರಿಗೆ ಹಣೆಪಟ್ಟಿ ಅಂಟಿಸುವ ಆಸೆ ಹುಟ್ಟುತ್ತದೆ. 1952ರಲ್ಲಿ ಮಾರ್ಕ್ ಜ್ಬೊರೊವ್ಸ್ಕಿ ಎಂಬ ಸಂಶೋಧಕ ನ್ಯೂಯಾರ್ಕಿನ ಮಾಜಿ ಸೈನಿಕರ ಆಸ್ಪತ್ರೆಯಲ್ಲಿ ಇಟಾಲಿಯನ್, ಯೆಹೂದಿ, ಐರಿಷ್ ಮತ್ತು ತಲೆಮಾರುಗಳಿಂದ ಅಮೆರಿಕದಲ್ಲೇ ಇದ್ದ ಮನೆತನಗಳ ರೋಗಿಗಳನ್ನು ಗಮನಿಸಿ ಬರೆದ. ಇಟಾಲಿಯನ್ನರಿಗೆ ಈಗಿನ ನೋವು ಹೋದರೆ ಸಾಕಿತ್ತು, ಯೆಹೂದಿಗಳಿಗೆ ಈ ನೋವು ಮುಂದೆ ಏನು ತಂದೀತೋ ಎಂಬ ಚಿಂತೆ ಇತ್ತು ಎಂದ. ಆ ಕಾಲಕ್ಕೆ ಅದು ದೊಡ್ಡ ಹೆಜ್ಜೆ. ಆದರೆ ಹೀಗೆ ಗುಂಪು ಗುಂಪಾಗಿ ಬರೆದದ್ದು ಪಟ್ಟಿಯಾಗಿ ತಲೆಯಲ್ಲಿ ಕೂತುಬಿಟ್ಟರೆ ಎದುರಿಗಿರುವ ಮನುಷ್ಯ ಕಾಣುವುದಿಲ್ಲ.

ಅದು ಎಲ್ಲಿಗೆ ಹೋಗಿ ಮುಟ್ಟುತ್ತದೆ ಅನ್ನುವುದಕ್ಕೆ 2016ರ ಅಮೆರಿಕದ ಅಧ್ಯಯನ ನೋಡಿ. ಬಿಳಿಯ ವೈದ್ಯ ವಿದ್ಯಾರ್ಥಿಗಳು ಮತ್ತು ತರಬೇತಿಯಲ್ಲಿದ್ದ ವೈದ್ಯರಲ್ಲಿ ಸುಮಾರು ಅರ್ಧದಷ್ಟು ಮಂದಿ, ಕಪ್ಪು ಜನರ ಮೈ ಬೇರೆ ಥರ ಅನ್ನುವ ಸುಳ್ಳುಗಳಲ್ಲಿ ಒಂದನ್ನಾದರೂ ನಂಬಿದ್ದರು. ಅವರ ಚರ್ಮ ದಪ್ಪ ಅನ್ನುವುದು ಅದರಲ್ಲೊಂದು. ಹಾಗೆ ನಂಬಿದವರು ಕಪ್ಪು ರೋಗಿಯ ನೋವನ್ನು ಕಡಿಮೆ ಅಂದಾಜು ಮಾಡಿದರು. ಅದಕ್ಕೆ ಹಿಂದಿನ ವರ್ಷ ಬಂದ ಇನ್ನೊಂದು ಅಧ್ಯಯನದಲ್ಲಿ, ಅಪೆಂಡಿಕ್ಸ್ ನೋವಿನಿಂದ ತುರ್ತು ವಿಭಾಗಕ್ಕೆ ಬಂದ ಕಪ್ಪು ಮಕ್ಕಳಿಗೆ ಬಲವಾದ ನೋವಿನ ಮದ್ದು ಸಿಗುವುದು ಬಿಳಿ ಮಕ್ಕಳಿಗಿಂತ ಕಡಿಮೆ ಎಂದು ಕಂಡಿತ್ತು.

ಅದು ಅಮೆರಿಕ ಅಂತ ನಾವು ಕೈ ತೊಳೆದುಕೊಳ್ಳುವ ಹಾಗಿಲ್ಲ. "ಕೂಲಿಯವರ ಮಕ್ಕಳು, ಗಟ್ಟಿ ಇರ್ತಾವೆ", "ತಾಂಡಾದವರಿಗೆ ಇದೆಲ್ಲ ಏನೂ ಅಲ್ಲ", "ಕಾಡಲ್ಲಿ ಬೆಳೆದದ್ದು, ಅಷ್ಟಕ್ಕೆಲ್ಲ ಅಳಲ್ಲ". ಈ ಮಾತುಗಳನ್ನು ನಾನು ಆಸ್ಪತ್ರೆಯ ಸಾಲುಗಳಲ್ಲಿ ನಿಂತು ಕೇಳಿದ್ದೇನೆ. ಮೆಚ್ಚುಗೆಯ ದನಿಯಲ್ಲೇ ಹೇಳುತ್ತಾರೆ. ಆದರೆ ಗಟ್ಟಿ ಅನ್ನಿಸಿಕೊಂಡ ಮಗುವಿಗೆ ಹೊಲಿಗೆ ಹಾಕುವಾಗ ಮರಗಟ್ಟಿಸುವ ಮದ್ದು ಹಿಡಿಯುವವರೆಗೆ ಕಾಯುವ ತಾಳ್ಮೆ ಕಡಿಮೆಯಾದರೆ? ಆ ಮಗು ಕೇಳುವುದಿಲ್ಲ, ಅದರ ಅಪ್ಪ ಅಮ್ಮನೂ ಕೇಳುವುದಿಲ್ಲ. ಕೇಳಿದರೆ ಬೈಸಿಕೊಳ್ಳಬೇಕಾದೀತು ಅನ್ನುವ ಅಂಜಿಕೆ ಇರುವವರ ಮಕ್ಕಳೇ ಎಲ್ಲಕ್ಕಿಂತ ಸುಮ್ಮನಿರುವುದು. ಅದನ್ನು ಸಂಸ್ಕೃತಿ ಅಂತ ಕರೆಯಲು ನನಗೆ ಮನಸ್ಸಾಗುವುದಿಲ್ಲ. ಅದು ಹೆದರಿಕೆ.

ಗಂಡು ಹೆಣ್ಣಿನ ವಿಷಯದಲ್ಲೂ ಇದೇ ಕಥೆ. 5 ವರ್ಷದ ಮಗುವೊಂದು ಬೆರಳು ಚುಚ್ಚಿಸಿಕೊಳ್ಳುವ ಒಂದೇ ವಿಡಿಯೋವನ್ನು ಅಮೆರಿಕದಲ್ಲಿ ಬೇರೆಬೇರೆಯವರಿಗೆ ತೋರಿಸಿದರು. ಕೆಲವರಿಗೆ ಇದು ಹುಡುಗ ಅಂದರು, ಕೆಲವರಿಗೆ ಹುಡುಗಿ ಅಂದರು. 2014ರಲ್ಲೂ 2019ರಲ್ಲೂ ಬಂದ ಉತ್ತರ ಒಂದೇ. ಹುಡುಗ ಅಂತ ನಂಬಿದವರಿಗೆ ಅದೇ ಮಗುವಿನ ನೋವು ಹೆಚ್ಚಾಗಿ ಕಂಡಿತು. ಹುಡುಗರು ಸುಮ್ಮನೆ ಅಳುವುದಿಲ್ಲ, ಅತ್ತರೆ ನಿಜಕ್ಕೂ ನೋಯುತ್ತಿರಬೇಕು ಅನ್ನುವ ಲೆಕ್ಕ. ನಮ್ಮಲ್ಲಿ "ಗಂಡುಹುಡುಗ ಅಳ್ತಾನಾ?" ಅಂತ ಹುಡುಗನ ಬಾಯಿ ಮುಚ್ಚಿಸುತ್ತೇವೆ. ಹುಡುಗಿ ಅತ್ತರೆ "ಅವಳದ್ದು ಯಾವಾಗಲೂ ಇದ್ದದ್ದೇ" ಅನ್ನುತ್ತೇವೆ. ಒಬ್ಬನಿಗೆ ಅಳುವ ಹಕ್ಕಿಲ್ಲ, ಇನ್ನೊಬ್ಬಳು ಅತ್ತರೆ ಅದಕ್ಕೆ ಬೆಲೆಯಿಲ್ಲ.

ದೊಡ್ಡವರು ಮಕ್ಕಳ ನೋವನ್ನು ಎಷ್ಟರಮಟ್ಟಿಗೆ ಕಾಣದೇ ಇರಬಲ್ಲರು ಅನ್ನುವುದಕ್ಕೆ ವೈದ್ಯಲೋಕದ್ದೇ ಒಂದು ಕಥೆ ಇದೆ. 1980ರ ದಶಕದವರೆಗೂ ಎಳೆಗೂಸುಗಳಿಗೆ ನೋವು ಸರಿಯಾಗಿ ತಿಳಿಯುವುದಿಲ್ಲ ಅನ್ನುವ ನಂಬಿಕೆ ಗಟ್ಟಿಯಾಗಿತ್ತು. ದೊಡ್ಡ ಶಸ್ತ್ರಚಿಕಿತ್ಸೆಗೂ ಎಷ್ಟೋ ಕಡೆ ಮೈ ಅಲುಗದ ಹಾಗೆ ಮಾಡುವ ಮದ್ದು ಕೊಡುತ್ತಿದ್ದರು, ನೋವಿಗೆ ಕೊಡುತ್ತಿದ್ದದ್ದು ಅತಿ ಕಡಿಮೆ. ಅದನ್ನು ಅಲುಗಾಡಿಸಿದವರಲ್ಲಿ ಮುಖ್ಯರಾದವರು ಇಂದೋರಿನಲ್ಲಿ ವೈದ್ಯ ಪದವಿ ಪಡೆದು ಆಕ್ಸ್‌ಫರ್ಡಿಗೆ ಹೋದ ಕನ್ವಲ್‌ಜೀತ್ ಸಿಂಗ್ ಆನಂದ್. ಅವಧಿಗೆ ಮುಂಚೆ ಹುಟ್ಟಿದ ಕೂಸುಗಳ ಶಸ್ತ್ರಚಿಕಿತ್ಸೆಯಲ್ಲಿ ಫೆಂಟನಿಲ್ ಎಂಬ ನೋವಿನ ಮದ್ದನ್ನೂ ಕೊಟ್ಟರೆ ಒತ್ತಡದ ಹಾರ್ಮೋನು ಕಡಿಮೆ ಏರುತ್ತದೆ, ಆಮೇಲಿನ ತೊಂದರೆಗಳೂ ಕಡಿಮೆ ಎಂದು ಅವರ ತಂಡ 1987ರಲ್ಲಿ ತೋರಿಸಿತು. ಓದಿದವರ ಲೋಕವೇ ಅಲ್ಲಿಯವರೆಗೆ ಕೂಸಿನ ಮುಖ ನೋಡಿಯೂ ನೋಡದೆ ಇತ್ತು.

ಇರುವೆ ಕಚ್ಚಿದ ಹಾಗೆ

ನಮ್ಮ ಕಡೆ ಮಗುವಿಗೆ ಸೂಜಿ ಹಾಕುವ ಮುಂಚೆ ಹೇಳುವ ಮಾತುಗಳು ಹೆಚ್ಚೇನಿಲ್ಲ. "ಏನೂ ಆಗಲ್ಲ." "ಇರುವೆ ಕಚ್ಚಿದಂಗೆ ಅಷ್ಟೆ." "ಸುಮ್ನೆ ನೋಡ್ತಾರೆ, ಸೂಜಿ ಹಾಕಲ್ಲ." ಮೂರರಲ್ಲಿ ಕೊನೆಯದ್ದು ಪೂರ್ತಿ ಸುಳ್ಳು. ಮೊದಲನೆಯದ್ದು ಮುಕ್ಕಾಲು ಸುಳ್ಳು. ಇರುವೆಯ ಮಾತಿನಲ್ಲಿ ಅಷ್ಟಿಷ್ಟು ನಿಜ ಇದೆ, ಯಾಕೆಂದರೆ ಕೆಂಪಿರುವೆ ಕಚ್ಚಿಸಿಕೊಳ್ಳದ ಮಲೆನಾಡಿನ ಮಗುವೇ ಇಲ್ಲ. ಚುರುಕ್ ಅನ್ನುತ್ತದೆ, ಉರಿಯುತ್ತದೆ, ಸ್ವಲ್ಪ ಹೊತ್ತಿಗೆ ಹೋಗುತ್ತದೆ ಅಂತ ಅದಕ್ಕೆ ಗೊತ್ತು. ಆದರೆ ಐದು ರೋಗ ತಡೆಯುವ ಪೆಂಟಾ ಲಸಿಕೆಯ ಅಥವಾ ಡಿಪಿಟಿಯ ನೋವು ಎರಡು ದಿನ ಇರಬಹುದು. ಹಾಗಾದಾಗ ಮಗು ಇರುವೆಯನ್ನಲ್ಲ, ಅಮ್ಮನನ್ನು ನಂಬುವುದು ಬಿಡುತ್ತದೆ.

ಇನ್ನೊಂದು ಮಾತು ವರ್ಷವಿಡೀ ನಡೆಯುವಂಥದ್ದು: "ಊಟ ಮಾಡ್ದಿದ್ರೆ ಡಾಕ್ಟ್ರ ಹತ್ರ ಕರ್ಕೊಂಡ್ಹೋಗಿ ಸೂಜಿ ಚುಚ್ಚಿಸ್ತೀನಿ." ತುಂಬ ಪ್ರೀತಿ ಮಾಡುವ ಅಮ್ಮಂದಿರೇ ಇದನ್ನು ಹೇಳುತ್ತಾರೆ, ಕೈಯಲ್ಲಿ ತುತ್ತು ಹಿಡಿದುಕೊಂಡೇ. ಮುನ್ನೂರು ದಿನ ಸೂಜಿಯನ್ನು ಶಿಕ್ಷೆ ಅಂತ ಹೇಳಿಕೊಟ್ಟು, ಒಂದು ಗುರುವಾರ ಮಾತ್ರ ಅದು ನಿನ್ನ ಒಳ್ಳೆಯದಕ್ಕೆ ಅಂದರೆ ಮಗು ಹೇಗೆ ನಂಬಬೇಕು? ತಾನೇನು ತಪ್ಪು ಮಾಡಿದೆ ಅಂತ ಅದು ಯೋಚಿಸುತ್ತದೆ. ಮಾಡದ ತಪ್ಪಿಗೆ ಸಿಕ್ಕ ಏಟು ಜಾಸ್ತಿ ನೋಯುತ್ತದೆ ಅಂತ ನಮಗೆಲ್ಲ ಗೊತ್ತು.

ಅದೇ ಹೊತ್ತಿಗೆ ದೊಡ್ಡವರಾದ ನಮಗೆ ಸೂಜಿಯ ಮೇಲೆ ವಿಪರೀತ ನಂಬಿಕೆ. ಮಾತ್ರೆ ಕೊಟ್ಟು ಕಳಿಸಿದ ಡಾಕ್ಟರು "ಏನೂ ಮಾಡಲಿಲ್ಲ". ಇಂಜೆಕ್ಷನ್ ಕೊಟ್ಟವರ ಕೈಗುಣ ಒಳ್ಳೆಯದು. ಮಗುವಿಗೆ ನೆಗಡಿ ಜ್ವರ ಬಂದರೂ "ಒಂದು ಸೂಜಿ ಹಾಕಿಬಿಡಿ ಡಾಕ್ಟ್ರೇ" ಅಂತ ಕೇಳುವವರಿದ್ದಾರೆ. ಇದರ ಹಿಂದೆ ಇನ್ನೂ ಹಳೆಯ ಒಂದು ನಂಬಿಕೆ ಇದೆ ಅಂತ ನನಗನಿಸುತ್ತದೆ. ಉರಿದರೇ ಮದ್ದು, ಕಹಿಯಾದರೇ ಔಷಧಿ. ಕಾಮಾಲೆಗೆ, ಬಾಲಗ್ರಹಕ್ಕೆ ಕೂಸಿನ ಮೈಗೆ ಬರೆ ಹಾಕುತ್ತಿದ್ದದ್ದು ಈ ನಂಬಿಕೆಯ ಕೊನೆಯ ತುದಿ. ಅಲ್ಲಿ ನೋವು ಚಿಕಿತ್ಸೆಯ ಜೊತೆಗೆ ಬರುವ ತೊಂದರೆಯಲ್ಲ, ನೋವೇ ಚಿಕಿತ್ಸೆ. ಬರೆಯಿಂದ ಯಾವ ಕಾಯಿಲೆಯೂ ಹೋಗುವುದಿಲ್ಲ. ಸುಟ್ಟ ಗಾಯಕ್ಕೆ ನಂಜಾಗಿ ಕೂಸುಗಳ ಜೀವಕ್ಕೇ ಕುತ್ತು ಬಂದದ್ದಿದೆ. ನೋವು ಸಹಿಸುವುದನ್ನೇ ಗುಣ ಅಂತ ಹೊಗಳುವಾಗ ನಾವು ಇದನ್ನೂ ನೆನಪಿಡಬೇಕು.

ಹಾಗಂತ ನಮ್ಮ ಪದ್ಧತಿಗಳೆಲ್ಲ ಮಗುವಿಗೆ ವಿರುದ್ಧ ಅಂತಲ್ಲ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಲಸಿಕೆ ಹೊತ್ತಿನ ನೋವು ಕಡಿಮೆ ಮಾಡುವ ಬಗ್ಗೆ ಸಲಹೆಗಳನ್ನು ಕೊಟ್ಟಿತು. ಕೂಸನ್ನು ಮನೆಯವರು ಎತ್ತಿ ಹಿಡಿದಿರಲಿ, ಎದೆಹಾಲು ಕುಡಿಯುವ ಕೂಸಿಗೆ ಲಸಿಕೆ ಹಾಕುವಾಗ ಅಥವಾ ಸ್ವಲ್ಪ ಮುಂಚೆ ಹಾಲು ಕೊಡಲಿ, ಚಿಕ್ಕ ಮಕ್ಕಳ ಗಮನ ಬೇರೆ ಕಡೆ ತಿರುಗಿಸಲಿ, ಒಂದಕ್ಕಿಂತ ಜಾಸ್ತಿ ಲಸಿಕೆ ಇದ್ದರೆ ಹೆಚ್ಚು ನೋಯುವುದನ್ನು ಕೊನೆಗೆ ಹಾಕಲಿ ಎಂದಿತು. ಲಸಿಕೆ ಹಾಕುವವರು ಸಮಾಧಾನದಿಂದ ಇರಲಿ, ಸುಳ್ಳು ಹೇಳದಿರಲಿ ಎಂದೂ ಹೇಳಿತು. ಎತ್ತಿಕೊಳ್ಳುವುದು, ಹಾಲು ಕೊಡುವುದು, "ಅಲ್ನೋಡು ಕಾಗೆ" ಅನ್ನುವುದು, ಇದೆಲ್ಲ ನಮ್ಮ ಅಜ್ಜಿಯರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ. ಗಾಯದ ಮೇಲೆ "ಉಫ್" ಅಂತ ಊದುವುದೂ ಹಾಗೆಯೇ. ಮಗುವೇ ಉದ್ದಕ್ಕೆ ಊದಿದರೆ ಇನ್ನೂ ಒಳ್ಳೆಯದು, ಉಸಿರು ನಿಧಾನವಾಗುತ್ತದೆ, ಗಮನ ತಿರುಗುತ್ತದೆ.

ಆದರೆ ಆಸ್ಪತ್ರೆಯ ಬಾಗಿಲು ದಾಟಿದ ಕೂಡಲೇ ಇವೆಲ್ಲ ಕೈಬಿಟ್ಟು ಹೋಗುತ್ತವೆ. ಅಮ್ಮನನ್ನು ಹೊರಗೆ ನಿಲ್ಲಿಸುತ್ತಾರೆ. ಮಗುವನ್ನು ಮೇಜಿನ ಮೇಲೆ ಅಂಗಾತ ಮಲಗಿಸಿ ಇಬ್ಬರು ಕೈಕಾಲು ಒತ್ತಿ ಹಿಡಿಯುತ್ತಾರೆ. ಲಸಿಕೆಯ ಸಾಲಿನಲ್ಲಿ ಗಂಡಸರು ನಿಂತಿರುವುದರಿಂದ ಹಾಲು ಕೊಡಲು ಅಮ್ಮಂದಿರಿಗೆ ಸಂಕೋಚ. ಈಗಿನ ವೇಳಾಪಟ್ಟಿಯಲ್ಲಿ ಒಂದೂವರೆ ತಿಂಗಳ ಕೂಸಿಗೆ ಒಂದೇ ದಿನ 3 ಸೂಜಿ: ಪೆಂಟಾ, ನ್ಯುಮೋನಿಯಾ ತಡೆಯುವ ಪಿಸಿವಿ, ಪೋಲಿಯೋದ ಚುಚ್ಚುಮದ್ದು. ಮೂರೂ ಬೇಕೇ ಬೇಕು, ಅದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿಯೇ ಕೇಳುತ್ತಿದ್ದೇನೆ, ಕೋಣೆಯ ಮೂಲೆಯಲ್ಲಿ ಒಂದು ಸೀರೆ ಅಡ್ಡ ಕಟ್ಟಿ, ಹಿಂದೆ ಒಂದು ಕುರ್ಚಿ ಹಾಕಲು ಎಷ್ಟು ಖರ್ಚು? ಹಾಗೆ ಮಾಡಿರುವ ಕಡೆಗಳನ್ನೂ ನೋಡಿದ್ದೇನೆ. ಅಲ್ಲಿ ಸದ್ದು ಕಡಿಮೆ, ಕೆಲಸ ಬೇಗ.

ಒಂದೆರಡು ಎಚ್ಚರಿಕೆ ಇಲ್ಲೇ ಹೇಳಿಬಿಡುತ್ತೇನೆ. ನೋವಿಗೆ ಅಂತ ಕೂಸಿನ ಬಾಯಿಗೆ ಜೇನು ಸವರಬೇಡಿ, ವರ್ಷ ತುಂಬುವವರೆಗೆ ಜೇನು ಅಪಾಯ. ಸೂಜಿ ಹಾಕಿದ ಜಾಗವನ್ನು ತಿಕ್ಕುವ ಅಭ್ಯಾಸವೂ ಬೇಡ.

ಹುಣಸೆ ಬೀಜದ ಅಳತೆ

ನೋವನ್ನು ಕೇಳಿ ತಿಳಿಯುವುದರಲ್ಲೂ ಭಾಷೆಯ ತೊಡಕಿದೆ. "ಒಂದರಿಂದ ಹತ್ತರಲ್ಲಿ ಎಷ್ಟು ನೋವು?" ಅಂತ ಕೇಳಿದರೆ ನಮ್ಮ ದೊಡ್ಡವರೇ ತಡವರಿಸುತ್ತಾರೆ. ಕನ್ನಡದಲ್ಲಿ ನೋವಿಗೆ ಎಷ್ಟು ಅಂತ ಹೇಳುವುದಕ್ಕಿಂತ ಎಂಥದ್ದು ಅಂತ ಹೇಳುವುದು ಸಲೀಸು. ತಲೆ ಸಿಡಿಯುತ್ತದೆ, ಹೊಟ್ಟೆ ನುಲಿಯುತ್ತದೆ, ಕಾಲು ಸೆಳೆಯುತ್ತದೆ, ಗಾಯ ಉರಿಯುತ್ತದೆ, ಹಲ್ಲು ಚುಳುಕ್ ಅನ್ನುತ್ತದೆ. ಇಂಥ ಮಾತುಗಳು ಡಾಕ್ಟರಿಗೆ ನಿಜಕ್ಕೂ ಉಪಯೋಗದವು. ಆದರೆ ಮನೆಯಲ್ಲಿ ಲಂಬಾಣಿ ಆಡುವ ಶಿಕಾರಿಪುರದ ಮಗು, ಉರ್ದು ಆಡುವ ಶಿವಮೊಗ್ಗದ ಮಗು, ತಮಿಳು ಆಡುವ ಭದ್ರಾವತಿಯ ಮಗು ತನ್ನ ಈ ಮಾತುಗಳನ್ನು ಮನೆಯಲ್ಲೇ ಬಿಟ್ಟು ಬಂದಿರುತ್ತದೆ. ಆಸ್ಪತ್ರೆಯಲ್ಲಿ ಅದರ ಬಾಯಿಗೆ ಬರುವುದು ಶಾಲೆಯಲ್ಲಿ ಕಲಿತ "ನೋವು" ಅನ್ನುವ ಒಂದೇ ಪದ.

ಅದಕ್ಕೇ ಮುಖಗಳ ಚಿತ್ರ ಬಂದದ್ದು. 1980ರ ದಶಕದಲ್ಲಿ ಅಮೆರಿಕದಲ್ಲಿ ನಗುಮುಖದಿಂದ ಅಳುಮುಖದವರೆಗೆ ಸಾಲಾಗಿ ಬರೆದ ಚಿತ್ರಪಟ ತಯಾರಾಯಿತು. ಈಗಲೂ ಅದು ಎಷ್ಟೋ ಆಸ್ಪತ್ರೆಗಳ ಗೋಡೆ ಮೇಲಿದೆ. ಅದರ ತೊಡಕು ಸುಲಭವಾಗಿ ಕಾಣುತ್ತದೆ. ಕೊನೆಯ ಮುಖದಲ್ಲಿ ಕಣ್ಣೀರಿದೆ. ಅಳಬಾರದು ಅಂತ ಕಲಿತ ಮಗು ತನಗೆ ಎಷ್ಟೇ ನೋಯುತ್ತಿದ್ದರೂ ಅತ್ತಿಲ್ಲದ ಕಾರಣ ಆ ಮುಖಕ್ಕೆ ಬೆರಳಿಡದೆ ಇರಬಹುದು. ಕಣ್ಣೀರೂ ನಗುವೂ ಇಲ್ಲದ ಮುಖಗಳ ಪಟ ಆಮೇಲೆ ಬಂತು. ಬಿಳಿ ಮಗುವಿನ ಫೋಟೋಗಳಿದ್ದ ಇನ್ನೊಂದು ಪಟಕ್ಕೆ ಕಪ್ಪು ಮಕ್ಕಳ, ಸ್ಪ್ಯಾನಿಷ್ ಮೂಲದ ಮಕ್ಕಳ ಫೋಟೋಗಳ ಆವೃತ್ತಿಗಳೂ ಬಂದವು.

ನನಗೆ ಇದೆಲ್ಲಕ್ಕಿಂತ ಇಷ್ಟವಾದದ್ದು 1979ರಲ್ಲಿ ನ್ಯಾನ್ಸಿ ಹೆಸ್ಟರ್ ಎಂಬ ಅಮೆರಿಕದ ನರ್ಸ್ ಸಂಶೋಧಕಿ ಮಾಡಿದ ಉಪಾಯ. ಮಗುವಿನ ಮುಂದೆ 4 ಕೆಂಪು ಬಿಲ್ಲೆ ಇಡುವುದು. "ಇವು ನೋವಿನ ತುಂಡುಗಳು. ನಿನ್ನ ಹತ್ತಿರ ಎಷ್ಟು ತುಂಡು ಇದೆ?" ಅಂತ ಕೇಳುವುದು. ಅಷ್ಟೇ. ಚನ್ನೆಮಣೆ ಆಡುವ ಮನೆಯಲ್ಲಿ ಬಿಲ್ಲೆ ಯಾಕೆ ಬೇಕು? 4 ಹುಣಸೆ ಬೀಜ ಸಾಕು. ಬಾಯಿ ತೆರೆಯಬೇಕಿಲ್ಲ, ಅಳಬೇಕಿಲ್ಲ, ಜಾಣತನ ಕಳೆದುಕೊಳ್ಳಬೇಕಿಲ್ಲ. ಬೀಜ ಸರಿಸಿದರೆ ಆಯಿತು. ಮಾತೇ ಬಾರದ ಕೂಸುಗಳಿಗೆ ಮುಖ, ಕಾಲು, ಮೈಯ ಚಲನೆ, ಅಳು, ಸಮಾಧಾನವಾಗುವ ರೀತಿ ಈ ಐದನ್ನೂ ನೋಡಿ ಅಂಕ ಕೊಡುವ ಕ್ರಮ 1997ರಿಂದ ಇದೆ. ಐದರಲ್ಲಿ ಅಳು ಒಂದು ಮಾತ್ರ ಅನ್ನುವುದನ್ನು ಗಮನಿಸಿ. ಕಾಲು ಇನ್ನೊಂದು. ಚಾಪೆ ಕಚ್ಚಿ ಹಿಡಿದ ಕಾಲ್ಬೆರಳುಗಳ ಅರ್ಥ ನನಗೆ ಹೊಳೆದದ್ದು ಅದನ್ನು ಓದಿದ ಮೇಲೆ.

ನೆನಪು ಉಳಿಯುತ್ತದೆ

ಇಷ್ಟೆಲ್ಲ ಯಾಕೆ, ಕ್ಷಣದ ನೋವು ತಾನೇ ಅನ್ನುವವರಿಗೆ ಮಲೆನಾಡಿನದ್ದೇ ಉತ್ತರ ಇದೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಪತ್ತೆಯಾದ ಮಂಗನ ಕಾಯಿಲೆಗೆ ದಶಕಗಳ ಕಾಲ ಒಂದು ಲಸಿಕೆ ಹಾಕುತ್ತಿದ್ದರು. ಮಕ್ಕಳಿಗೂ ದೊಡ್ಡವರಿಗೂ ತಿಂಗಳ ಅಂತರದಲ್ಲಿ 2 ಡೋಸ್, ಆಮೇಲೆ ಮತ್ತೆ ಮತ್ತೆ ಬೂಸ್ಟರ್. ಅದು ಹಾಕಿಸಿಕೊಂಡ ಜಾಗ ತುಂಬ ನೋಯುತ್ತಿತ್ತು. ಮೊದಲ ಡೋಸಿಗೆ ಬಂದವರು ಎರಡನೆಯದಕ್ಕೆ ಬರುತ್ತಿರಲಿಲ್ಲ, ಬೂಸ್ಟರ್‌ಗೆ ಇನ್ನೂ ಕಡಿಮೆ. ಯಾಕೆ ಬರಲಿಲ್ಲ ಅಂತ ಕೇಳಿದಾಗ ಸಿಕ್ಕ ಕಾರಣಗಳಲ್ಲಿ ನೋವೂ ಒಂದು. ಆ ಲಸಿಕೆ ಸಾಕಷ್ಟು ಕೆಲಸ ಮಾಡುತ್ತಿಲ್ಲ ಅಂತ ಕಂಡು 2022ರಲ್ಲಿ ನಿಲ್ಲಿಸಿದರು. ಈಗ ಹೊಸ ಲಸಿಕೆಯ ತಯಾರಿ ನಡೆದಿದೆ. ಅದು ನಮ್ಮೂರಿಗೆ ಬರುವ ದಿನ, ಹಿಂದೆ ತೋಳು ಊದಿಸಿಕೊಂಡ ಮಕ್ಕಳೇ ಅಪ್ಪ ಅಮ್ಮ ಆಗಿ ತಮ್ಮ ಮಕ್ಕಳನ್ನು ಕರೆತರಬೇಕೋ ಬೇಡವೋ ಅಂತ ಯೋಚಿಸುತ್ತಿರುತ್ತಾರೆ.

ನೆನಪು ಮಾತು ಬರುವ ಮುಂಚೆಯೇ ಶುರುವಾಗುತ್ತದೆ ಅನ್ನುವುದಕ್ಕೂ ಆಧಾರವಿದೆ. 1997ರಲ್ಲಿ ಕೆನಡಾದಲ್ಲಿ, ಹುಟ್ಟಿದ ಹೊಸತರಲ್ಲಿ ಸುನ್ನತಿಯಾದ ಗಂಡುಕೂಸುಗಳನ್ನು 4ರಿಂದ 6 ತಿಂಗಳಲ್ಲಿ ಲಸಿಕೆ ಹಾಕುವಾಗ ನೋಡಿದರು. ಸುನ್ನತಿಯಾಗದ ಕೂಸುಗಳಿಗಿಂತ ಅವು ಹೆಚ್ಚು ನೋವು ತೋರಿಸಿದವು. ಸುನ್ನತಿಯ ಹೊತ್ತಿನಲ್ಲಿ ಮರಗಟ್ಟಿಸುವ ಮುಲಾಮು ಹಚ್ಚಿಸಿಕೊಂಡಿದ್ದ ಕೂಸುಗಳು ಈ ಎರಡರ ನಡುವೆ ನಿಂತವು.

ಒಳ್ಳೆಯ ಸುದ್ದಿಯೆಂದರೆ, ಮಾತು ಬರುವ ಮಕ್ಕಳಲ್ಲಿ ಈ ನೆನಪನ್ನು ತಿದ್ದಬಹುದು. ಆದದ್ದನ್ನು ಆಮೇಲೆ ಮನೆಯವರು ಹೇಗೆ ಮಾತಾಡುತ್ತಾರೆ ಅನ್ನುವುದರ ಮೇಲೆ ಮಗು ಅದನ್ನು ಹೇಗೆ ನೆನಪಿಡುತ್ತದೆ ಅನ್ನುವುದು ನಿಂತಿದೆ ಎಂದು ಈಚಿನ ಅಧ್ಯಯನಗಳು ಹೇಳುತ್ತವೆ. "ನೋಯ್ತು ಅಲ್ವಾ? ಆದ್ರೂ ನೀನು ಉಸಿರು ಊದಿದೆ, ಅದು ಸಹಾಯ ಆಯ್ತು" ಅಂದರೆ ಒಂದು ನೆನಪು. "ಎಷ್ಟು ರಂಪ ಮಾಡಿದೆ, ಮಾನ ಕಳೆದೆ" ಅಂದರೆ ಇನ್ನೊಂದು. ನಮ್ಮ ಕಡೆ ಈ ಮಾತು ನಡೆಯುವುದು ಊರಿಗೆ ವಾಪಸ್ ಬರುವ ಬಸ್ಸಿನಲ್ಲಿ, ಪಕ್ಕದ ಸೀಟಿನವರ ಎದುರಿಗೆ.

ಈ ವರ್ಷ ಫೆಬ್ರವರಿಯಲ್ಲಿ ಅಕ್ಕನ ಮಗಳಿಗೆ ಜ್ವರ ಬಂತು. ಆ ತಿಂಗಳಲ್ಲಿ ನಮ್ಮ ಕಡೆ ಜ್ವರ ಅಂದರೆ ಮಂಗನ ಕಾಯಿಲೆಯ ರಕ್ತಪರೀಕ್ಷೆ. ಹಿಂದಿನ ದಿನವೇ ಹೇಳಿದೆ: "ನೋಯುತ್ತೆ. ಹತ್ತು ಎಣಿಸುವಷ್ಟು ಹೊತ್ತು. ಅಳು ಬಂದ್ರೆ ಅಳು, ಯಾರೂ ಏನೂ ಅನ್ನಲ್ಲ." ಲಂಗದ ಜೇಬಿಗೆ ನಾಲ್ಕು ಹುಣಸೆ ಬೀಜ ಹಾಕಿದೆ. ನನ್ನ ತೊಡೆ ಮೇಲೆ ಕೂತಳು. ಅತ್ತಳು, ಜೋರಾಗಿಯೇ. ರಕ್ತ ತೆಗೆದವರು ಅವಳ ಜೊತೆ ಹತ್ತರವರೆಗೆ ಎಣಿಸಿದರು. ಬಸ್ ಸ್ಟ್ಯಾಂಡಿನಲ್ಲಿ ಕೂತು ಕೇಳಿದಾಗ ನನ್ನ ಅಂಗೈಯಲ್ಲಿ ಮೂರು ಬೀಜ ಇಟ್ಟಳು. ಬಸ್ಸು ಊರ ತಿರುವು ದಾಟುವಾಗ ಅದರಲ್ಲಿ ಎರಡನ್ನು ವಾಪಸ್ ತೆಗೆದುಕೊಂಡು, "ಈಗ ಒಂದೇ ಇದೆ ಚಿಕ್ಕಮ್ಮ" ಅಂದಳು.